ನಿನ್ನೆ ಮುಗಿಯದ ಕೆಲಸ ಇವತ್ತು ಎಲ್ಲಿರುತ್ತೆ? ಟಾಸ್ಕ್ ಆ್ಯಪ್ ಆರಿಸಿಕೊಂಡ ಅನುಭವ

ನಾನು ಕಟ್ಟಡ ವಿನ್ಯಾಸ ಮಾಡುವ ಆಫೀಸಿನಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್. ಯಾವಾಗ ನೋಡಿದರೂ ನಾಲ್ಕೈದು ಪ್ರಾಜೆಕ್ಟ್ ಒಟ್ಟಿಗೆ ಓಡುತ್ತಿರುತ್ತವೆ. ಒಂದರಲ್ಲಿ ಪಾಯ ತೆಗೆಯುತ್ತಿರುತ್ತಾರೆ, ಇನ್ನೊಂದರಲ್ಲಿ ಟೈಲ್ಸ್ ಆರಿಸುತ್ತಿರುತ್ತಾರೆ, ಮತ್ತೊಂದರ ಫೈಲ್ ಅನುಮತಿಗಾಗಿ ಕೂತಿರುತ್ತೆ. ಕೆಲಸ ಬರುವ ದಾರಿಗಳೂ ಹಾಗೇ. ಅರ್ಧ ಮೇಲ್‌ನಲ್ಲಿ ಬರುತ್ತೆ, ಒಂದಷ್ಟು ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ, ಉಳಿದದ್ದು ಮೆಟ್ಟಿಲು ಹತ್ತುವಾಗ ಯಾರೋ ಹೇಳಿದ್ದು. "ಸರ್, ಆ ಲಿಫ್ಟ್ ಗುಂಡಿಯ ಆಳ ಒಂದ್ಸಲ ಕನ್ಫರ್ಮ್ ಮಾಡ್ಬಿಡಿ" ಅಂದು ಹೋಗಿಬಿಡುತ್ತಾರೆ. ಅಲ್ಲಿಂದ ಅದು ನನ್ನ ಕೆಲಸ.

ಇದನ್ನೆಲ್ಲ ಒಂದೇ ಕಡೆ ತರಬೇಕು ಅಂತ ಟಾಸ್ಕ್ ಮ್ಯಾನೇಜ್‌ಮೆಂಟ್ ಆ್ಯಪ್ ಹುಡುಕಲು ಹೊರಟೆ. ಆ್ಯಪ್‌ಗಳಿಗೇನೂ ಬರ ಇಲ್ಲ. ಹೋಲಿಕೆ ಪಟ್ಟಿಗಳಿಗೂ ಬರ ಇಲ್ಲ. ಆದರೆ ಆ ಪಟ್ಟಿಗಳಲ್ಲಿ ಎಲ್ಲ ಆ್ಯಪ್‌ಗಳ ಮುಂದೂ ಒಂದೇ ಥರದ ಟಿಕ್ ಗುರುತುಗಳು: ರಿಮೈಂಡರ್ ಇದೆ, ಲೇಬಲ್ ಇದೆ, ಸಬ್‌ಟಾಸ್ಕ್ ಇದೆ, ಡಾರ್ಕ್ ಮೋಡ್ ಇದೆ. ಅದನ್ನು ನೋಡಿ ಯಾರಾದರೂ ತೀರ್ಮಾನ ಮಾಡುವುದು ಹೇಗೆ? ನನಗೆ ಬೇಕಾಗಿದ್ದ ಉತ್ತರ ಬೇರೆ. ನಿನ್ನೆ ಮಾಡಬೇಕು ಅಂತ ಇಟ್ಟುಕೊಂಡು, ಮಾಡಲಾಗದೆ ಹೋದ ಕೆಲಸ ಇವತ್ತು ಬೆಳಿಗ್ಗೆ ಆ್ಯಪ್ ತೆರೆದಾಗ ಎಲ್ಲಿರುತ್ತೆ? ಕೈತುಂಬ ಕೆಲಸ ಇರುವವರಿಗೆ ದಿನವೂ ಏನಾದರೂ ಉಳಿದೇ ಉಳಿಯುತ್ತೆ. ಆ ಉಳಿಕೆಯನ್ನು ಆ್ಯಪ್ ಹೇಗೆ ನೋಡಿಕೊಳ್ಳುತ್ತೆ ಅನ್ನುವುದರ ಮೇಲೆ ನಾಳೆಯೂ ನಾವು ಅದನ್ನು ತೆರೆಯುತ್ತೇವೋ ಇಲ್ಲವೋ ಅನ್ನುವುದು ನಿಂತಿದೆ. ಇದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಗೆ ಒಂದು ನಿಯಮ ಇಟ್ಟುಕೊಂಡೆ. "ಹಾಲು ತರುವುದು" ಥರದ ನಮೂನೆ ಟಾಸ್ಕ್ ಹಾಕಿ ನೋಡುವುದಿಲ್ಲ. ಆ ವಾರದ ನಿಜವಾದ ಕೆಲಸಗಳನ್ನೇ ಹಾಕುತ್ತೇನೆ, ಅದರಿಂದಲೇ ದಿನ ನಡೆಸುತ್ತೇನೆ. ನಮೂನೆ ಟಾಸ್ಕ್ ಹಾಕಿದರೆ ಎಲ್ಲ ಆ್ಯಪ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ನಿಜವಾದ ಕೆಲಸದಲ್ಲಿ ತಾರೀಕು ಬದಲಾಗುತ್ತೆ, ಅರ್ಧಕ್ಕೆ ನಿಲ್ಲುತ್ತೆ, ಬೇರೆಯವರ ಉತ್ತರಕ್ಕೆ ಕಾಯಬೇಕಾಗುತ್ತೆ. ಆಗ ಗೊತ್ತಾಗುತ್ತೆ ಯಾವುದು ಹೇಗೆ ಅಂತ.

ಮೊದಲ ಜರಡಿ ಸೈಟಿನಲ್ಲೇ ಆಯಿತು. ಎರಡು ಮಹಡಿ ಕೆಳಗೆ ಬೇಸ್‌ಮೆಂಟ್. ಅಲ್ಲಿ ಫೋನಿಗೆ ಸಿಗ್ನಲ್ ಬರಲ್ಲ. ಒಂದು ಕೈಯಲ್ಲಿ ಸುತ್ತಿದ ಡ್ರಾಯಿಂಗ್, ಇನ್ನೊಂದರಲ್ಲಿ ಫೋನ್. ಪ್ಲಂಬಿಂಗ್ ಪೈಪ್ ಹೋಗುವ ಜಾಗದಲ್ಲೇ ಬೀಮ್ ಅಡ್ಡ ಬಂದಿತ್ತು. ಅದನ್ನು ಬರೆದುಕೊಳ್ಳಲು ಹೊರಟರೆ ಒಂದು ಆ್ಯಪ್ ತೆರೆದುಕೊಂಡು ಸುಮ್ನೆ ಸುತ್ತುತ್ತಾ ನಿಂತಿತು. ಇನ್ನೊಂದು ತೆರೆಯಿತು, ಆದರೆ ಟಾಸ್ಕ್ ಸೇರಿಸುವ ಮೊದಲು ಯಾವ ಪ್ರಾಜೆಕ್ಟ್, ಯಾವ ಆದ್ಯತೆ, ಯಾರಿಗೆ ಅಂತ ಒಂದೊಂದಾಗಿ ಕೇಳಿತು. ಪಕ್ಕದಲ್ಲಿ ಸೈಟ್ ಇಂಜಿನಿಯರ್ ಮಾತು ಮುಂದುವರಿಸಲು ಕಾಯುತ್ತಿದ್ದಾರೆ. ಆ ಎರಡನ್ನೂ ಸಂಜೆಗೆ ಫೋನಿನಿಂದ ತೆಗೆದೆ. ನೆಟ್‌ವರ್ಕ್ ಇಲ್ಲದಿದ್ದರೂ ಬರೆದುಕೊಳ್ಳಬೇಕು, ಮೇಲೆ ಬಂದ ಮೇಲೆ ತಾನಾಗಿ ಸಿಂಕ್ ಆಗಬೇಕು, ಬರೆಯುವಾಗ ಒಂದು ಸಾಲು ಬಿಟ್ಟು ಬೇರೇನೂ ಕೇಳಬಾರದು. ಇದಕ್ಕಿಂತ ನಿಧಾನವಾದರೆ ಮನುಷ್ಯ ಬರೆಯುವುದೇ ಇಲ್ಲ, "ಆಮೇಲೆ ನೆನಪಿರುತ್ತೆ" ಅಂದುಕೊಳ್ಳುತ್ತಾನೆ.

ಬೇಗ ಬರೆಯುವ ವಿಷಯದಲ್ಲಿ ಟೂಡೂಯಿಸ್ಟ್ ನನಗೆ ತುಂಬಾ ಹಿಡಿಸಿತು. 2007ರಿಂದ ಇರುವ ಆ್ಯಪ್ ಅದು. ಒಂದೇ ಸಾಲಿನಲ್ಲಿ ಕೆಲಸ, ತಾರೀಕು, ಗಂಟೆ ಎಲ್ಲ ಟೈಪ್ ಮಾಡಿದರೆ ತಾರೀಕಿನ ಭಾಗವನ್ನು ತಾನೇ ಗುರುತಿಸಿಕೊಳ್ಳುತ್ತೆ. ಹ್ಯಾಶ್ ಹಾಕಿದರೆ ಪ್ರಾಜೆಕ್ಟ್, ಅಟ್ ಗುರುತು ಹಾಕಿದರೆ ಲೇಬಲ್. ಮತ್ತೆ ಮತ್ತೆ ಬರುವ ಕೆಲಸಗಳಲ್ಲಂತೂ ಅದರ ಸೂಕ್ಷ್ಮ ನೋಡಬೇಕು. ಇಂಗ್ಲಿಷಿನಲ್ಲಿ 'ಎವ್ರಿ' ಅಂತ ಬರೆದರೆ ಮುಂದಿನ ತಾರೀಕು ಕ್ಯಾಲೆಂಡರ್ ಪ್ರಕಾರ ಬರುತ್ತೆ. ಅದೇ ಪದಕ್ಕೆ ಅಂಟಿಸಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ನಾವು ಮುಗಿಸಿದ ದಿನದಿಂದ ಲೆಕ್ಕ ಶುರುವಾಗುತ್ತೆ. ಪ್ರತಿ ಶುಕ್ರವಾರ ಬ್ಯಾಕಪ್ ನೋಡುವುದು ಮೊದಲನೆಯ ಥರದ ಕೆಲಸ. ಒಬ್ಬ ಕ್ಲೈಂಟ್ ಜೊತೆ ಮಾತಾಡಿ ಹತ್ತು ದಿನವಾದ ಮೇಲೆ ಮತ್ತೆ ವಿಚಾರಿಸುವುದು ಎರಡನೆಯದು. ಎರಡೂ ಬೇರೆ ಬೇರೆ ಅಂತ ಗೊತ್ತಿರುವವರು ಮಾಡಿದ ಆ್ಯಪ್ ಅನ್ನಿಸಿತು.

ಆದರೆ ನನ್ನ ಮುಖ್ಯ ಪ್ರಶ್ನೆ ಉಳಿಕೆಯದು. ಇದರಲ್ಲಿ ಒಂದೊಂದು ಆ್ಯಪಿನದೂ ಒಂದೊಂದು ಗುಣ.

ಟೂಡೂಯಿಸ್ಟ್, ಟಿಕ್‌ಟಿಕ್ ಎರಡರಲ್ಲೂ ದಿನ ದಾಟಿದ ಕೆಲಸಗಳು ಇವತ್ತಿನ ಪಟ್ಟಿಯ ಮೇಲ್ಗಡೆ ಅವಧಿ ಮೀರಿದವು ಅಂತ ಬೇರೆಯಾಗಿ ಬಂದು ಕೂರುತ್ತವೆ. ತಾರೀಕು ಕೆಂಪು. ಎಲ್ಲವನ್ನೂ ಒಟ್ಟಿಗೆ ಮುಂದೂಡುವ ದಾರಿಯೂ ಇದೆ. ಗೂಗಲ್ ಟಾಸ್ಕ್ಸ್ ಕ್ಯಾಲೆಂಡರ್ ಒಳಗೇ ಕಾಣುತ್ತೆ, ಅದು ದೊಡ್ಡ ಅನುಕೂಲ. ಹಳೆಯ ಬಾಕಿಯೆಲ್ಲ ಇವತ್ತಿನ ದಿನದ ತಲೆಯ ಮೇಲೆ ಒಂದೇ ಗಂಟಾಗಿ ತೋರುತ್ತೆ. ಟ್ರೆಲ್ಲೋದಲ್ಲಿ ಒಂದೊಂದು ಕೆಲಸವೂ ಬೋರ್ಡಿನ ಮೇಲೆ ಒಂದು ಕಾರ್ಡ್. ಆ ಕಾರ್ಡ್ ಇದ್ದಲ್ಲೇ ಇರುತ್ತೆ, ತಾರೀಕಿನ ಬಣ್ಣ ಮಾತ್ರ ಬದಲಾಗುತ್ತೆ. ಥಿಂಗ್ಸ್‌ನಲ್ಲಿ ಉಳಿದ ಕೆಲಸ ಗದ್ದಲವಿಲ್ಲದೆ ಇವತ್ತಿನ ಪಟ್ಟಿಗೇ ಬಂದು ಸೇರಿಕೊಳ್ಳುತ್ತೆ. ಮೈಕ್ರೋಸಾಫ್ಟ್ ಟು ಡುನಲ್ಲಿ 'ನನ್ನ ದಿನ' ಅನ್ನುವ ಪಟ್ಟಿ ಪ್ರತಿ ಮಧ್ಯರಾತ್ರಿ ಖಾಲಿಯಾಗುತ್ತೆ. ಕೆಲಸ ಅಳಿಸಿ ಹೋಗಲ್ಲ, ತನ್ನ ಮೂಲ ಲಿಸ್ಟ್‌ಗೆ ವಾಪಸ್. ಬೆಳಿಗ್ಗೆ ಸಲಹೆಗಳಲ್ಲಿ ಮತ್ತೆ ತೋರಿಸುತ್ತೆ. ಬೇಕಿದ್ದರೆ ನಾವೇ ಆರಿಸಿ ಇವತ್ತಿಗೆ ತಂದುಕೊಳ್ಳಬೇಕು.

ಕೆಂಪು ಪಟ್ಟಿಯೇ ಕೆಲವರಿಗೆ ಬೇಕು. ಕಣ್ಣಿಗೆ ರಾಚಿದರೆ ತಾನೇ ಮಾಡುವುದು ಅನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಎರಡು ದಿನ ಸೈಟಿನಲ್ಲೇ ಕಳೆದು ಮೂರನೆಯ ದಿನ ಆ್ಯಪ್ ತೆರೆದರೆ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸಾಲ ಕೊಟ್ಟವರು ಸಾಲಾಗಿ ನಿಂತ ಹಾಗೆ ಕಾಣುತ್ತಿತ್ತು. ಅದರಲ್ಲಿ ನಿಜವಾಗಿ ತಡವಾದದ್ದು ಒಂದೋ ಎರಡೋ. ಉಳಿದವು "ಸೋಮವಾರ ಮಾಡಿದರೆ ಒಳ್ಳೇದು" ಅಂತ ನಾನೇ ಹಾಕಿಕೊಂಡವು. ಎರಡಕ್ಕೂ ಒಂದೇ ಕೆಂಪು. ಗುತ್ತಿಗೆದಾರರಿಗೆ ಇವತ್ತೇ ಹೋಗಬೇಕಾದ ಕಂಬಿ ಕಟ್ಟುವ ಡ್ರಾಯಿಂಗ್, ಪುರುಸೊತ್ತಾದಾಗ ನೋಡಬೇಕಾದ ಹಳೆಯ ಫೋಲ್ಡರ್, ಎರಡೂ ಅಕ್ಕಪಕ್ಕ.

ಇದು ಯಾಕೆ ಹೀಗೆ ಅಂತ ಬಿಡಿಸಿ ತೋರಿಸಿದ್ದು ಸಹೋದ್ಯೋಗಿಯೊಬ್ಬರ ಫೋನು. ಅವರು ಥಿಂಗ್ಸ್ ಬಳಸುತ್ತಾರೆ. ಅದರಲ್ಲಿ ಒಂದು ಕೆಲಸಕ್ಕೆ ಎರಡು ತಾರೀಕು ಹಾಕಬಹುದು. ಯಾವಾಗ ಕೈಗೆತ್ತಿಕೊಳ್ಳುತ್ತೇನೆ ಅನ್ನುವುದು ಒಂದು, ಯಾವಾಗ ಮುಗಿಸಲೇಬೇಕು ಅನ್ನುವ ಡೆಡ್‌ಲೈನ್ ಇನ್ನೊಂದು. "ಮೊದಲನೇದು ನನ್ನ ಇಷ್ಟ ಸರ್, ಎಷ್ಟು ಸಲ ಬೇಕಾದ್ರೂ ಮುಂದಕ್ಕೆ ಹಾಕ್ತೀನಿ. ಎರಡನೇದು ಕ್ಲೈಂಟ್ ಇಷ್ಟ" ಅಂದರು. ಇಷ್ಟು ಚೆನ್ನಾಗಿ ಯಾವ ವಿಮರ್ಶೆಯೂ ಹೇಳಿರಲಿಲ್ಲ. ತಾರೀಕಿಗೆ ಒಂದೇ ಖಾನೆ ಇರುವ ಆ್ಯಪ್‌ನಲ್ಲಿ ನಾವು ಈ ಎರಡನ್ನೂ ಅದೇ ಖಾನೆಗೆ ತುರುಕುತ್ತೇವೆ. ಆಮೇಲೆ ಪಟ್ಟಿಯ ಮೇಲೆ ನಂಬಿಕೆ ಹೋಗುತ್ತೆ. ಯಾವ ಕೆಂಪು ನಿಜ, ಯಾವ ಕೆಂಪು ಸುಳ್ಳು ಅಂತ ಮತ್ತೆ ತಲೆಯಲ್ಲೇ ಇಟ್ಟುಕೊಳ್ಳಬೇಕಾಗುತ್ತೆ.

ಥಿಂಗ್ಸ್ ಇರುವುದು ಆ್ಯಪಲ್ ಸಾಧನಗಳಿಗೆ ಮಾತ್ರ. ನನ್ನದು ಆ್ಯಂಡ್ರಾಯ್ಡ್ ಫೋನ್, ಆಫೀಸಿನ ಕಂಪ್ಯೂಟರ್ ವಿಂಡೋಸ್. ಹಾಗಾಗಿ ಅದು ಆಗಲ್ಲ. ಆದರೆ ಅದರಿಂದ ಸಿಕ್ಕಿದ ಪ್ರಶ್ನೆ ಹಿಡಿದು ಉಳಿದವನ್ನೆಲ್ಲ ಮತ್ತೆ ನೋಡಿದೆ. ಆಗ ಟು ಡುನ 'ನನ್ನ ದಿನ' ಬೇರೆಯೇ ಆಗಿ ಕಂಡಿತು. ತಾರೀಕಿನ ಖಾನೆಯಲ್ಲಿ ನಿಜವಾದ ಡೆಡ್‌ಲೈನ್ ಮಾತ್ರ ಹಾಕುವುದು. ಇವತ್ತು ಮಾಡುತ್ತೇನೆ ಅನ್ನುವುದಕ್ಕೆ 'ನನ್ನ ದಿನ'. ಎರಡೂ ಬೆರೆಯುವುದಿಲ್ಲ. ರಾತ್ರಿ ಖಾಲಿಯಾಗುವುದು ನಿನ್ನೆಯ ನನ್ನ ಇಷ್ಟದ ಪಟ್ಟಿ, ಡೆಡ್‌ಲೈನ್ ಅಲ್ಲ. ಬೆಳಿಗ್ಗೆ ಮತ್ತೆ ಆರಿಸುವಾಗ ಪ್ರತಿ ಕೆಲಸವನ್ನೂ "ಇವತ್ತು ನಿನ್ನನ್ನು ಮಾಡಬೇಕಾ?" ಅಂತ ಕೇಳಲೇಬೇಕಾಗುತ್ತೆ. ಹಳೆಯ ಪಟ್ಟಿ ತಾನಾಗಿ ಮುಂದೆ ಬಂದರೆ ಈ ಪ್ರಶ್ನೆ ಯಾರೂ ಕೇಳಲ್ಲ, ಅಲ್ವಾ?

ಆಫೀಸಿನಲ್ಲಿ ಮೊದಲೇ ಟ್ರೆಲ್ಲೋ ಇತ್ತು. "ಅದನ್ನೇ ಬಳಸಬಹುದಲ್ಲ, ಇನ್ನೊಂದು ಯಾಕೆ?" ಅಂತ ಮ್ಯಾನೇಜರ್ ಕೇಳಿದರು. ನ್ಯಾಯವಾದ ಪ್ರಶ್ನೆ. ಟ್ರೆಲ್ಲೋ 2011ರಲ್ಲಿ ಬಂತು, 2017ರಲ್ಲಿ ಅಟ್ಲಾಸಿಯನ್ ಅನ್ನುವ ಸಾಫ್ಟ್‌ವೇರ್ ಕಂಪನಿ ಅದನ್ನು ಕೊಂಡುಕೊಂಡಿತು. ಅದರ ಹಿಂದಿರುವ ಕಾನ್‌ಬಾನ್ ಪದ್ಧತಿ ಟೊಯೋಟಾ ಕಾರ್ಖಾನೆಯಲ್ಲಿ ತಯ್ಯಿಚಿ ಓನೊ ಬೆಳೆಸಿದ್ದು. ಅದರ ಕೆಲಸವೇ ಯಾವ ವಸ್ತು ಯಾವ ಹಂತದಲ್ಲಿದೆ, ಎಲ್ಲಿ ರಾಶಿ ಬಿದ್ದಿದೆ ಅಂತ ಎಲ್ಲರ ಕಣ್ಣಿಗೂ ಕಾಣುವ ಹಾಗೆ ಮಾಡುವುದು. ನಮ್ಮ ಬೋರ್ಡಿನಲ್ಲಿ ಡ್ರಾಯಿಂಗ್ ಒಂದು 'ಪರಿಶೀಲನೆ' ಕಾಲಂನಲ್ಲಿ ನಿಂತಿದೆ ಅಂದರೆ ಇಡೀ ತಂಡಕ್ಕೆ ಗೊತ್ತಾಗುತ್ತೆ. ಆದರೆ ಅದು ಮುಂದೆ ಹೋಗಬೇಕಾದರೆ ನಾನು ಒಂದು ಫೋನ್ ಮಾಡಬೇಕು, ಒಂದು ಅಳತೆ ಹುಡುಕಬೇಕು, ಒಂದು ಮೇಲ್ ಬರೆಯಬೇಕು. ಇಷ್ಟನ್ನೂ ಬೋರ್ಡಿಗೆ ಹಾಕಿದರೆ ಬೇರೆಯವರಿಗೆ ಬೋರ್ಡು ಓದಲಾಗುವುದಿಲ್ಲ. ತಂಡದ ಬೋರ್ಡು ಕೆಲಸ ಎಲ್ಲಿದೆ ಅಂತ ಹೇಳಬೇಕು, ನನ್ನ ಲಿಸ್ಟು ನಾನು ಈಗ ಏನು ಮಾಡಬೇಕು ಅಂತ ಹೇಳಬೇಕು. ಹೀಗೆ ವಿವರಿಸಿದ ಮೇಲೆ ಅವರು ಒಪ್ಪಿದರು. ಒಂದು ಷರತ್ತು ಹಾಕಿದರು: ಕ್ಲೈಂಟ್ ಹೆಸರು, ಹಣದ ವಿವರ ಇರುವ ಟಾಸ್ಕ್ ಆಫೀಸಿನ ಅಕೌಂಟಿನಲ್ಲೇ ಇರಬೇಕು. ಇದು ಎಲ್ಲರೂ ಮೊದಲೇ ಕೇಳಿಕೊಳ್ಳಬೇಕಾದ ವಿಷಯ. ಯಾವುದೋ ಉಚಿತ ಆ್ಯಪಿಗೆ ಕಂಪನಿಯ ಮಾಹಿತಿ ಹಾಕಲು ಅನುಮತಿ ಇದೆಯಾ ಅಂತ ತಿಳಿದುಕೊಂಡೇ ಶುರು ಮಾಡಿ. ಹಾಗೇ ಮನೆಯ ಕೆಲಸಗಳನ್ನು ಆಫೀಸ್ ಅಕೌಂಟಿಗೆ ಹಾಕಬೇಡಿ. ಕೆಲಸ ಬಿಟ್ಟ ದಿನ ಆ ಅಕೌಂಟ್ ನಿಮ್ಮದಲ್ಲ. ಫೋನಿನ ಟು ಡು ಆ್ಯಪ್‌ನಲ್ಲಿ ಎರಡು ಅಕೌಂಟ್ ಇಟ್ಟುಕೊಳ್ಳಬಹುದಾದ್ದರಿಂದ ನನಗೆ ಇದು ಸುಲಭವಾಯಿತು.

ನೋಶನ್ ಅನ್ನುವ ಟಿಪ್ಪಣಿ ಆ್ಯಪ್ ಬಗ್ಗೆ ಹೇಳದಿದ್ದರೆ ಅದಕ್ಕೆ ಅನ್ಯಾಯ. ಡ್ರಾಯಿಂಗ್ ರಿಜಿಸ್ಟರ್, ಮೀಟಿಂಗ್ ಟಿಪ್ಪಣಿ ಇಡುವುದಕ್ಕೆ ಅದು ಬಹಳ ಚೆನ್ನ. ಟಾಸ್ಕ್ ಲಿಸ್ಟೂ ಮಾಡಬಹುದು. ಆದರೆ ಮೊದಲು ಲಿಸ್ಟನ್ನು ನಾವೇ ಕಟ್ಟಬೇಕು, ಕಟ್ಟಿದ್ದನ್ನು ತಿದ್ದುತ್ತಾ ಇರಬೇಕು. ಅದರಲ್ಲಿ ಖುಷಿ ಇದೆ, ಸಮಯ ಮಾತ್ರ ನನ್ನ ಹತ್ತಿರ ಇಲ್ಲ.

ಇನ್ನೊಂದು ವಿಷಯವನ್ನು ಹೋಲಿಕೆ ಪಟ್ಟಿಗಳು ಕೊನೆಗೆ ತಳ್ಳುತ್ತವೆ, ಅಥವಾ ಹೇಳುವುದೇ ಇಲ್ಲ. ಆ್ಯಪ್ ಮುಚ್ಚಿಹೋದರೆ ಏನು? ಇದು ಸುಮ್ನೆ ಭಯ ಅಲ್ಲ. ಆಸ್ಟ್ರಿಡ್ ಅಂತ ಜನ ಮೆಚ್ಚಿದ ಟಾಸ್ಕ್ ಆ್ಯಪ್ ಇತ್ತು. 2013ರಲ್ಲಿ ಯಾಹೂ ಅದನ್ನು ಕೊಂಡಿತು, ಅದೇ ವರ್ಷ ಅದು ಮುಚ್ಚಿತು. ವಂಡರ್‌ಲಿಸ್ಟ್ ಇನ್ನೂ ಹೆಸರುವಾಸಿ. ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಕೊಂಡುಕೊಂಡು, ಆ ಅನುಭವದ ಮೇಲೆ ಟು ಡು ಕಟ್ಟಿ, 2020ರ ಮೇ 6ರಂದು ವಂಡರ್‌ಲಿಸ್ಟ್ ನಿಲ್ಲಿಸಿತು. ಅದರ ಬಳಕೆದಾರರು ತಮ್ಮ ಪಟ್ಟಿಗಳನ್ನು ಟು ಡುಗೆ ತರಿಸಿಕೊಳ್ಳಲು ದಾರಿ ಕೊಟ್ಟಿದ್ದರು, ಅದು ಸಮಾಧಾನದ ಮಾತು. ಅದಕ್ಕೇ ಯಾವ ಆ್ಯಪ್ ನೋಡಿದರೂ ಒಳಗೆ ಹೋಗುವ ಮೊದಲು ಹೊರಗೆ ಬರುವ ಬಾಗಿಲು ಹುಡುಕುತ್ತಿದ್ದೆ. ಟೂಡೂಯಿಸ್ಟ್‌ನಿಂದ ಪ್ರಾಜೆಕ್ಟನ್ನು ಸಿಎಸ್‌ವಿ ಫೈಲಾಗಿ ತೆಗೆಯಬಹುದು. ಟ್ರೆಲ್ಲೋ ಬೋರ್ಡ್ ಜೇಸನ್ ಫೈಲಾಗಿ ಸಿಗುತ್ತೆ. ಗೂಗಲ್ ಟಾಸ್ಕ್ಸ್ ಅನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳಬಹುದು. ಈ ವಿಷಯದಲ್ಲಿ ಟು ಡು ಟೂಡೂಯಿಸ್ಟ್‌ನಷ್ಟು ಸಲೀಸಲ್ಲ. ಹಾಗಾಗಿ ಮುಖ್ಯ ಮಾಹಿತಿಯನ್ನು ಟಾಸ್ಕ್ ಒಳಗೆ ಇಡುವುದಿಲ್ಲ ಅಂತ ಮಾಡಿಕೊಂಡೆ. ಡ್ರಾಯಿಂಗ್, ಅಳತೆ, ಒಪ್ಪಿಗೆಯ ಮಾತು, ಎಲ್ಲ ಪ್ರಾಜೆಕ್ಟ್ ಫೋಲ್ಡರಿನಲ್ಲೇ. ಟಾಸ್ಕ್‌ನಲ್ಲಿ ಒಂದು ಸಾಲು ಮಾತ್ರ. ಲಿಸ್ಟ್ ನಾಳೆ ಮಾಯವಾದರೂ ಕೆಲಸದ ದಾಖಲೆ ಉಳಿಯುತ್ತೆ.

ಕೊನೆಗೆ ಟು ಡು ಆರಿಸಿಕೊಂಡೆ. ಬೇಸ್‌ಮೆಂಟಿನಲ್ಲಿ ಬರೆದದ್ದು ಮೇಲೆ ಬಂದಾಗ ಸಿಂಕ್ ಆಗುತ್ತೆ. ಫೋನಿನ ಹೋಮ್ ಸ್ಕ್ರೀನಿನಲ್ಲಿ ವಿಜೆಟ್ ಇದೆ. ಆಫೀಸಿನ ಮೇಲ್ ಔಟ್‌ಲುಕ್ ಆದ್ದರಿಂದ ಅಲ್ಲಿ ಬಾವುಟ ಹಾಕಿದ ಮೇಲ್‌ಗಳು ಇಲ್ಲಿ ಒಂದು ಲಿಸ್ಟಾಗಿ ಬರುತ್ತವೆ. ಟೂಡೂಯಿಸ್ಟ್‌ನ ಆ ಆಶ್ಚರ್ಯಸೂಚಕ ಚಿಹ್ನೆ ಬಿಟ್ಟುಕೊಟ್ಟದ್ದಕ್ಕೆ ಈಗಲೂ ಬೇಜಾರಿದೆ. ಅಂಥ ಕೆಲಸಗಳಿಗೆ ಮುಂದಿನ ತಾರೀಕನ್ನು ಕೈಯಾರೆ ಹಾಕುತ್ತೇನೆ.

ಬಾವುಟದ ಮೇಲ್‌ಗಳ ಬಗ್ಗೆ ಒಂದು ಮಾತು. ಮೇಲ್‌ನ ವಿಷಯದ ಸಾಲೇ ಟಾಸ್ಕ್ ಹೆಸರಾಗಿ ಬರುತ್ತೆ. 'ರಿ: ಫಾರ್ವರ್ಡ್: ಪರಿಷ್ಕೃತ ಡ್ರಾಯಿಂಗ್' ಅಂತ ಇದ್ದರೆ ಅದನ್ನು ನೋಡಿ ಏನು ಮಾಡುವುದು? ಅದನ್ನು ಹಾಗೇ ಬಿಡದೆ, "ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡಿ ಎರಡನೇ ಸಾಲಿನ ಕಂಬದ ಅಳತೆ ಕೇಳು" ಅಂತ ಬರೆಯುತ್ತೇನೆ. ಯಾರಿಗೆ, ಹೇಗೆ, ಏನು, ಮೂರೂ ಒಂದೇ ಸಾಲಿನಲ್ಲಿ. ಇದಕ್ಕೆ ಮನಃಶಾಸ್ತ್ರದಲ್ಲೂ ಆಧಾರ ಇದೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಜಾಸ್ತಿ ಉಳಿಯುತ್ತೆ ಅಂತ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದರು. 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಪ್ರಕಟಿಸಿದ ಪ್ರಯೋಗಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಆ ಕಾಟ ತಪ್ಪಲು ಕೆಲಸ ಮುಗಿಯಲೇಬೇಕು ಅಂತಿಲ್ಲ, ಅದನ್ನು ಹೇಗೆ ಮಾಡುತ್ತೇನೆ ಅಂತ ಖಚಿತವಾದ ಯೋಜನೆ ಇದ್ದರೂ ಸಾಕು ಅಂತ ತೋರಿಸಿದವು. ರಾತ್ರಿ ಮಲಗಿದಾಗ ಲಿಫ್ಟ್ ಗುಂಡಿ ನೆನಪಾಗದೆ ಇರಬೇಕಾದರೆ ಹೀಗೆ ಬಿಡಿಸಿ ಬರೆದಿರಬೇಕು. 'ಲಿಫ್ಟ್' ಅಂತ ಒಂದೇ ಪದ ಬರೆದಿಟ್ಟರೆ ಅದು ನೆನಪಾಗಿ ಕಾಡುವುದು ನಿಲ್ಲಲ್ಲ.

ಬೆಳಿಗ್ಗೆ ಮೇಲ್ ತೆರೆಯುವ ಮೊದಲೇ 'ನನ್ನ ದಿನ' ತುಂಬುತ್ತೇನೆ. ಮೀಟಿಂಗ್ ಇರುವ ದಿನ ನಾಲ್ಕು, ಇಲ್ಲದ ದಿನ ಆರೇಳು, ಅದಕ್ಕಿಂತ ಜಾಸ್ತಿ ಇಲ್ಲ. ಎಷ್ಟು ಹೊತ್ತು ಬೇಕು ಅಂತ ಊಹಿಸುವಾಗ ಮನುಷ್ಯರು ಕಡಿಮೆ ಹೇಳುತ್ತಾರೆ. ಮನಃಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಇದಕ್ಕೆ 'ಪ್ಲಾನಿಂಗ್ ಫ್ಯಾಲಸಿ' ಅಂತ ಹೆಸರು ಕೊಟ್ಟಿದ್ದಾರೆ. ಕಟ್ಟಡದ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಅದು ನಿಜ ಅನ್ನುತ್ತಾರೆ. ರಿಮೈಂಡರ್‌ಗಳನ್ನು ಗಂಟೆ ಗೊತ್ತಾಗಿರುವ ಕೆಲಸಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಇಟ್ಟಿಲ್ಲ. ದಿನವಿಡೀ ಟಿಣ್ ಟಿಣ್ ಅಂದರೆ ಮೂರನೆಯದಕ್ಕೆ ಕಿವಿ ಕೊಡುವುದು ನಿಂತುಹೋಗುತ್ತೆ.

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು 'ಬೇರೆಯವರ ಕೈಯಲ್ಲಿ' ಅಂತ ಮಾಡಿಕೊಂಡ ಲಿಸ್ಟ್. ನಾನು ಮಾಡಬೇಕಾದದ್ದು ಮುಗಿದಿದೆ, ಈಗ ಅವರು ಉತ್ತರ ಕೊಡಬೇಕು ಅನ್ನುವಂಥವು ಅಲ್ಲಿರುತ್ತವೆ. ಪ್ರತಿಯೊಂದಕ್ಕೂ ಯಾವ ದಿನ ಮತ್ತೆ ಕೇಳಬೇಕು ಅಂತ ತಾರೀಕು ಇರುತ್ತೆ. ಕೋಆರ್ಡಿನೇಟರ್ ಕೆಲಸದಲ್ಲಿ ಅರ್ಧಕ್ಕರ್ಧ ಇದೇ ತಾನೇ? ಮೊದಲು ಇವು ನನ್ನ ಕೆಲಸಗಳ ನಡುವೆಯೇ ಕೂತು, ಮಾಡಲು ಏನೂ ಇಲ್ಲದಿದ್ದರೂ ಲಿಸ್ಟನ್ನು ಉದ್ದ ಮಾಡುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಆ ಲಿಸ್ಟ್ ತೆರೆದು ಒಬ್ಬೊಬ್ಬರಿಗೂ ಒಂದು ಸಾಲು ಕಳಿಸುತ್ತೇನೆ. ಸೋಮವಾರದ ಹೊತ್ತಿಗೆ ಅರ್ಧದಷ್ಟಕ್ಕೆ ಉತ್ತರ ಬಂದಿರುತ್ತೆ.

ನಮ್ಮ ಆಫೀಸಿನ ಅಕೌಂಟ್ಸ್ ನೋಡುವ ಮೇಡಂ ನನ್ನನ್ನು ಕೇಳಿ ಇದನ್ನೇ ಶುರು ಮಾಡಿದ್ದರು, ಆಮೇಲೆ ಬಿಟ್ಟರು. ಅವರ ಕೆಲಸದಲ್ಲಿ ಮುಕ್ಕಾಲು ಪಾಲು ತಿಂಗಳು ತಿಂಗಳೂ ಮರಳಿ ಬರುವಂಥದ್ದು. ಎಲ್ಲದಕ್ಕೂ ಗಟ್ಟಿ ತಾರೀಕು. ದಿನಾ ಬೆಳಿಗ್ಗೆ ಹೊಸದಾಗಿ ಆರಿಸುವುದರಲ್ಲಿ ಅವರಿಗೆ ಅರ್ಥವೇ ಇಲ್ಲ. ಅವರಿಗೆ ಕೆಂಪು ಬೇಕು, ದಿನ ದಾಟಿದ್ದು ಎದ್ದು ಕಾಣಬೇಕು. ಅವರೀಗ ಟೂಡೂಯಿಸ್ಟ್ ಬಳಸುತ್ತಾರೆ, ಯಾವ ತಿಂಗಳ ಪಾವತಿಯೂ ಕಣ್ತಪ್ಪುವುದಿಲ್ಲ ಅನ್ನುತ್ತಾರೆ.